ರಾಣಿ ಬೇಗ ಹೊರಟು ಬಂದಾಗ

ಕಳೆದ ವಾರ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಹಳೆಯ ಸೀರೆಗಳ ಅಡಿಯಲ್ಲಿ ಚದುರಂಗದ ಮಣೆ, ಕಾಯಿಗಳ ಬಟ್ಟೆಚೀಲ. ಹುಡುಕಿದ್ದು ಮಗಳಿಗಾಗಿ. ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸದಾಗಿ ಶುರುವಾದ ಚೆಸ್ ಕ್ಲಾಸಿಗೆ ಹೋಗಿ, ಮೊದಲ ದಿನವೇ ನಾಲ್ಕು ನಡೆಯಲ್ಲಿ ಸೋತು ಬಂದು, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ನನಗೆ ನಗು ಬಂತು. ಮರುಗಳಿಗೆ ಆ ವಾಸನೆಯ ಹಿಂದೆಯೇ ಟೆಲಿಫೋನ್ ಮಾಮಿ ನೆನಪಾದರು... ಆ ಮಣೆ ಅವರದೇ.

ಆಗ ನಾವು ಇದೇ ನಗರದ ಇನ್ನೊಂದು ತುದಿಯ ರಾಯಪುರಂನಲ್ಲಿದ್ದೆವು. ಉಡುಪಿ ಕಡೆಯ ಅಪ್ಪ ಹಾರ್ಬರ್ ಹತ್ತಿರದ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆ ಮಹಡಿಯಲ್ಲಿ, ಮಾಮಿಯ ಮನೆ ಕೆಳಗೆ. ಮೈಸೂರಿನಿಂದ ಮದುವೆಯಾಗಿ ಬಂದವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾಗಿದ್ದರು. ಬೀದಿಯವರ ಜೊತೆ ತಮಿಳು, ನನ್ನ ಜೊತೆ ಕನ್ನಡ. ನಾನು ಅವರ ಕನ್ನಡಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುತ್ತಿದ್ದೆ. ಅದಕ್ಕೆ ದಿನವೂ ಬೈಗುಳ. ಬೀರುವಿನಿಂದ ಹಿಡಿದು ಚದುರಂಗದ ಚೀಲದವರೆಗೆ ನುಸಿಗುಳಿಗೆ ಹಾಕದ ಜಾಗವೇ ಆ ಮನೆಯಲ್ಲಿರಲಿಲ್ಲ.

ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಚೆಸ್ ತಂಡಕ್ಕೆ ಆಯ್ಕೆ ನಡೆಯಿತು. ಪಕ್ಕದ ಸೆಕ್ಷನ್ನಿನ ಹುಡುಗನೊಬ್ಬ ಎರಡನೇ ನಡೆಗೇ ರಾಣಿಯನ್ನು ಹೊರಗೆ ತಂದ, ಆಮೇಲೆ ಒಂಟೆಯನ್ನು ತಂದ, ನಾಲ್ಕನೇ ನಡೆಗೆ ನನ್ನ ರಾಜನ ಪಕ್ಕದ ಕಾಲಾಳನ್ನು ಹೊಡೆದು ಆಟ ಮುಗಿಸಿದ. ಸುತ್ತ ನಿಂತವರು ಘೊಳ್ಳೆಂದು ನಕ್ಕರು. ಅಂದಿನಿಂದ ನನ್ನ ಹೆಸರೇ ‘ನಾಲು ಮೂವ್’. ಕೊನೆಗೆ ತಂಡದಲ್ಲಿ ಒಂದೇ ಜಾಗ ಉಳಿಯಿತು. ಶುಕ್ರವಾರ ಅದೇ ಹುಡುಗನ ಜೊತೆ ಇನ್ನೊಮ್ಮೆ ಆಡು, ಅವನೆದುರು ಸೋಲದೆ ನಿಂತರೆ ಜಾಗ ನಿನಗೆ ಎಂದು ನಮ್ಮ ಸರ್ ಹೇಳಿದರು.

"ಆಟ ಅಂದ ಮೇಲೆ ಸೋಲೆಲ್ಲ ಉಂಟು ಮಾರಾಯ್ತಿ, ಮೊದಲು ಊಟ ಮಾಡು" ಎಂದು ಅಪ್ಪ ಕೈತೊಳೆದುಕೊಂಡರು. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ ನನ್ನನ್ನು ಒಳಗೆ ಕರೆದದ್ದು ಮಾಮಿ.

ಮಾಮಿಗೆ ಚದುರಂಗ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಲೈನ್ ಖಾಲಿ ಇದ್ದಾಗ ಮದುರೈ ಎಕ್ಸ್‌ಚೇಂಜಿನ ಆಪರೇಟರ್ ಒಬ್ಬಳ ಜೊತೆ ವರ್ಷಗಟ್ಟಲೆ ಫೋನಿನಲ್ಲೇ ಆಡಿದ್ದರಂತೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮಣೆ ಹಾಸಿ, ಅದೇ ಹುಡುಗನ ಹಾಗೆ ರಾಣಿಯನ್ನು ಅಂಚಿಗೆ ತಂದು ನಿಲ್ಲಿಸಿದರು. ನಾನು ಗಾಬರಿಬಿದ್ದು, ಅವಳನ್ನು ಓಡಿಸಲೆಂದು ಕುದುರೆಯ ಮುಂದಿನ ಕಾಲಾಳನ್ನು ತಕ್ಷಣ ತಳ್ಳಿದೆ. ಮಾಮಿ ನಡುವೆ ಒಂಟಿಯಾಗಿದ್ದ ನನ್ನ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಟ್ಟರು. ಮುಂದಿನ ನಡೆಗೆ ಮೂಲೆಯ ಆನೆಯೂ ಹೋಯಿತು.

"ಆತುರಗಾರನಿಗೆ ಬುದ್ಧಿ ಮಟ್ಟ" ಎಂದರು. "ರಾಣಿಯಂಥವಳು ಇಷ್ಟು ಬೇಗ ಚುಮ್ಮಾ ಹೊರಡ್ತಾಳೇನೆ? ನಾವು ಕಾಲ್ ಬಂದ ತಕ್ಷಣ ಲೈನ್ ಕೊಟ್ಬಿಡ್ತಿದ್ವಾ? ಯಾರು ಬೇಕು ಅಂತ ಮೊದಲು ಕೇಳ್ತಿದ್ವಿ. ಅವಳನ್ನೂ ಕೇಳು. ಇವತ್ತು ಅವಳಿಗೆ ರಾಜನೂ ಬೇಕು, ನಡುವಿನ ಕಾಲಾಳೂ ಬೇಕು. ನೀನು ಒಂದೇ ನೋಡ್ದೆ."

ಆ ವಾರವಿಡೀ ಅದೇ ಪಾಠ. ಅವರ ಕಾಯಿ ಕದಲಿದಾಗಲೆಲ್ಲ ನಾನು ಬಾಯಿಬಿಟ್ಟು "ಯಾರು ಬೇಕು?" ಎಂದು ಕೇಳಬೇಕು, ಅದೂ ಕನ್ನಡದಲ್ಲಿ. ಉತ್ತರ ಹೊಳೆಯುವ ತನಕ ಎರಡೂ ಕೈ ತೊಡೆಯ ಕೆಳಗೆ. ಮೊದಲು ಕುದುರೆಯನ್ನು ತಂದು ನಡುವಿನ ಕಾಲಾಳಿಗೆ ಕಾವಲು ಹಾಕು. ಒಂಟೆ ಬಂದ ಮೇಲೆ ಇನ್ನೊಂದು ಕುದುರೆಯ ಮುಂದಿನ ಕಾಲಾಳನ್ನು ತಳ್ಳಿ ರಾಣಿಯನ್ನು ಅಟ್ಟು. ಅವಳು ಸುತ್ತಿಕೊಂಡು ಇನ್ನೊಂದು ದಾರಿಯಿಂದ ಬಂದರೆ ಎರಡನೇ ಕುದುರೆಯನ್ನು ಅಡ್ಡ ನಿಲ್ಲಿಸು. ಕೇಳಲು ಇಷ್ಟೇ. ಆದರೆ ಭಯ ಬಿಟ್ಟು ನೋಡುವುದನ್ನು ಕಲಿಯಲು ನನಗೆ ಒಂದು ವಾರವೇ ಹಿಡಿಯಿತು.

ಶುಕ್ರವಾರ ಹುಡುಗ ನಗುತ್ತಲೇ ಕೂತ, ಎರಡನೇ ನಡೆಗೇ ರಾಣಿಯನ್ನು ತಂದ. ನಾನು ಕೈಗಳ ಮೇಲೆ ಕೂತು ತುಟಿಯಲ್ಲೇ ಕೇಳಿಕೊಂಡೆ. "ಸಾರ್, ಇವ ಕಾಯಿ ಕಿಟ್ಟ ಪೇಸುರಾ" ಎಂದು ಅವನು ದೂರಿದ. ನಾನು ಕಾಯಿಗಳ ಜೊತೆ ಮಾತಾಡುತ್ತೇನೆಂದು ಎಲ್ಲರೂ ನಕ್ಕರು. ನಗಲಿ ಎಂದುಕೊಂಡು ಕುದುರೆ ತಂದೆ. ಒಂಟೆ ಬಂತು, ಕಾಲಾಳು ತಳ್ಳಿದೆ. ರಾಣಿ ಹಿಂದೆ ಸರಿದು ಮತ್ತೆ ಹೊಂಚು ಹಾಕಿದಳು, ಎರಡನೇ ಕುದುರೆ ಅಡ್ಡ ನಿಂತಿತು. ಹುಡುಗ ನಗುವುದನ್ನು ನಿಲ್ಲಿಸಿದ. ಪಾಪ, ಆ ಒಂದು ಬಲೆ ಬಿಟ್ಟರೆ ಅವನಿಗೂ ಬೇರೇನೂ ಬರುತ್ತಿರಲಿಲ್ಲ. ಇಬ್ಬರೂ ತಿಣುಕಾಡುತ್ತಿದ್ದಾಗಲೇ ಶಾಲೆ ಬಿಡುವ ಬೆಲ್ ಹೊಡೆಯಿತು. ಸರ್ ಮಣೆ ನೋಡಿ ಡ್ರಾ ಎಂದರು, ಕೊನೆಯ ಜಾಗಕ್ಕೆ ನನ್ನ ಹೆಸರು ಬರೆದುಕೊಂಡರು.

ಮಾಮಿ ಮನೆಯ ಗೇಟಿನ ಬಳಿಯೇ ಕಾಯುತ್ತಿದ್ದರು. ಜಾಗ ಸಿಕ್ಕಿದ್ದರೂ ನನಗೆ ಅವನನ್ನು ಸೋಲಿಸುವ ಆಸೆಯಿತ್ತು. "ಜಯಿಕ್ಕಲೆ ಮಾಮಿ" ಎಂದೆ, ಗೆಲ್ಲಲಿಲ್ಲ ಎಂದು.

"ಸೋತ್ಯಾ?"

"ಇಲ್ಲ."

"ಮತ್ಯಾಕೆ ಈ ಮುಖ?" ಎಂದವರೇ ನನ್ನ ಕೈ ಹಿಡಿದು ಬೀದಿಗೆ ಹೊರಟರು. ಇಸ್ತ್ರಿ ಅಂಗಡಿಯವನಿಗೆ ಹೇಳಿದರು, ಹೂ ಕಟ್ಟುವವಳಿಗೆ ಹೇಳಿದರು. ಮೀನು ಮುಟ್ಟದ ಮಾಮಿ ಮೀನಿನ ಬುಟ್ಟಿಯವಳನ್ನೂ ನಿಲ್ಲಿಸಿಕೊಂಡು, "ಎಂಗ ಪೊಣ್ಣು ರಾಣಿಯವೇ ತಿರುಪ್ಪಿ ಅನುಪ್ಪಿಟ್ಟಾ" ಎಂದರು. ನಮ್ಮ ಹುಡುಗಿ ರಾಣಿಯನ್ನೇ ವಾಪಸ್ಸು ಕಳಿಸಿದಳು ಎಂದು. ಯಾವ ರಾಣಿ ಎಂದು ಆಕೆಗೆ ತಿಳಿಯಲಿಲ್ಲ, ಆದರೂ ನನ್ನ ಕೆನ್ನೆ ಹಿಂಡಿದಳು. ನನಗೆ ನಾಚಿಕೆಯಾಯಿತು, ಎದೆಯೂ ಉಬ್ಬಿತು. ಮುಂದೆ ಕಾಲೇಜು ತಂಡದ ನಾಯಕಿಯಾದೆ, ಒಂದೆರಡು ಕಪ್ ಗೆದ್ದೆ. ಆ ಸಂಜೆಯಷ್ಟು ಹೆಮ್ಮೆ ಯಾವುದರಲ್ಲೂ ಸಿಗಲಿಲ್ಲ.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಮಾಮಿ ತೀರಿಕೊಂಡರು. ಅದಕ್ಕೂ ಕೆಲವು ತಿಂಗಳ ಹಿಂದೆ ಮಣೆಯನ್ನು ನನ್ನ ಕೈಗಿಟ್ಟು, ಗುಳಿಗೆ ಬದಲಾಯಿಸುತ್ತಿರು ಎಂದಷ್ಟೇ ಹೇಳಿದ್ದರು... ಈಗ ಅವರ ಮನೆಯಿದ್ದಲ್ಲಿ ಪಾರ್ಸೆಲ್ ಗೋದಾಮು ಇದೆ.

ಅವರ ಪಾಠವನ್ನೇ ಮಗಳಿಗೆ ಒಂದು ವಾರ ಹೇಳಿಕೊಟ್ಟೆ. ನಿನ್ನೆ ಪುಸಲಾಯಿಸಿ ಕ್ಲಾಸಿಗೆ ಕಳಿಸಿದೆ. ರಾಣಿಯನ್ನು ತಡೆದಳಂತೆ, ಬಹಳ ಹೊತ್ತು ಆಡಿದಳಂತೆ, ಕೊನೆಗೆ ಸೋತಳಂತೆ. ಸಣ್ಣ ಮುಖ ಮಾಡಿಕೊಂಡು ಬಂದು "ತೋತ್ತುಟ್ಟೇನ್ ಮ್ಮಾ" ಎಂದಳು, ಸೋತುಬಿಟ್ಟೆ ಎಂದು. "ಪರವಾಗಿಲ್ಲ, ಚೆನ್ನಾಗಿ ಆಡಿದ್ದೀಯ" ಎಂದೆ. ನನ್ನ ಬಾಯಲ್ಲಿ ಬಂದದ್ದು ಅಷ್ಟೇ. ಅವಳ ಮುಖ ಹಾಗೇ ಇತ್ತು. ಆಟವನ್ನು ನಾನು ಎಷ್ಟು ಬೇಕಾದರೂ ಕಲಿಸಬಲ್ಲೆ. ಗೆಲ್ಲದೆ ಬಂದ ಮಗುವನ್ನು ಕೈಹಿಡಿದು ಇಡೀ ಬೀದಿಗೆ ಗೆದ್ದವಳೆಂದು ತೋರಿಸುವ ವಿದ್ಯೆಯನ್ನು ಮಾತ್ರ ಮಾಮಿ ತಮ್ಮ ಜೊತೆಗೇ ತೆಗೆದುಕೊಂಡು ಹೋದರು.