ರೊಟ್ಟಿ ಸಪ್ಪಳಕ್ಕೆ ಬಂದ ಇಲಿ

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಇರಬೇಕು. ರಾಜ್ಯಕ್ಕಾಗಿ, ಸಿಂಹಾಸನಕ್ಕಾಗಿ, ಸುಂದರಿಯರಿಗಾಗಿ ಉರಿದುಹೋದವರನ್ನು ಪುರಾಣಗಳು ಇನ್ನೂ ಮರೆತಿಲ್ಲ. ನಾನು ಉರಿದದ್ದು ಎಪ್ಪತ್ತು ಗ್ರಾಂ ತೂಗುವ ಒಂದು ಇಲಿಯ ಸಲುವಾಗಿ.

ಧಾರವಾಡದಲ್ಲಿ ಬೆಳಿಗ್ಗೆ ನನ್ನ ಜೊತೆ ಅಡ್ಡಾಡಲು ಬರುವ ಗೆಳೆಯರೊಬ್ಬರಿದ್ದಾರೆ. ಅವರು ತಮ್ಮ ಮನೆಯ ಗೇಟು ಮುಟ್ಟಿದರೆ ಸಾಕು, ಅವರ ನಾಯಿ ಹೋದ ಜನ್ಮದ ಬಂಧುವನ್ನು ಕಂಡಂತೆ ಮೈಮೇಲೆ ಹಾರುತ್ತದೆ. ನಾನು ಮೂವತ್ತೈದು ವರ್ಷ ಸರಕಾರಿ ಕಚೇರಿಯಲ್ಲಿ ಕೂತವನು. ನನ್ನನ್ನು ಕಂಡು ಯಾರೂ ಹಾರಿದ್ದಿಲ್ಲ. ಎದ್ದು ನಿಂತವರೂ ಕಡಿಮೆ. ನಿವೃತ್ತಿಯಾದ ಮೇಲೆ, ನನ್ನ ಹೆಜ್ಜೆ ಸಪ್ಪಳಕ್ಕೆ ಓಡಿಬರುವ ಒಂದಾದರೂ ಜೀವ ಬೇಕು ಎಂಬ ಆಸೆ ಹತ್ತಿತು. ನಾಯಿಗೆ ಹೆಂಡತಿ ಒಪ್ಪಲಿಲ್ಲ. ಮೀನು ತರುತ್ತೇನೆಂದು ಹುಬ್ಬಳ್ಳಿಯ ಅಂಗಡಿಗೆ ಹೋದೆ. ಮೀನುಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಂದು ಬಣ್ಣದ ಪ್ರಾಣಿ ಹಿಂಗಾಲ ಮೇಲೆ ಎದ್ದು, ಮುಂಗಾಲು ಜೋಡಿಸಿ, ಅರ್ಜಿ ಕೊಡಲು ಬಂದವರ ಹಾಗೆ ನನ್ನನ್ನೇ ನೋಡುತ್ತ ನಿಂತಿತ್ತು.

“ಇಲಿ ಅಲ್ರಿ ಸರ, ಜರ್ಬಿಲ್ ಅಂತಾರ. ಮರಳುಗಾಡಿಂದು,” ಎಂದ ಅಂಗಡಿಯವನು. “ಬಾಲದ ತುದಿಗೆ ಕುಚ್ಚ ಐತಿ ನೋಡ್ರಿ.”

ಈ ಮಾತನ್ನು ಮನೆಯಲ್ಲಿ ಹಾಗೆಯೇ ಒಪ್ಪಿಸಿದೆ. ಹೆಂಡತಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

“ಬಾಲಕ್ಕ ಕುಚ್ಚ ಕಟ್ಟಿದ್ರ ಇಲಿ ಇಲಿ ಅಲ್ಲೇನ್ರಿ? ಹಿತ್ತಲದಾಗ ಇಲಿ ಹಿಡಿಯೋ ಬೋನು ಇಟ್ಟೇವಿ, ಪಡಸಾಲ್ಯಾಗ ಇಲಿ ಸಾಕತೀರಿ. ಮಂದಿ ಏನಂದಾರು?”

“ಮಂದಿಗೆ ತೋರಸಬ್ಯಾಡ. ನೀನೂ ಮುಟ್ಟಬ್ಯಾಡ. ಪಳಗೂತನಕಾ ಅದಕ್ಕ ಒಬ್ಬರದ ಕೈ ಗೊತ್ತಿರಬೇಕು,” ಎಂದು ಕಟ್ಟಪ್ಪಣೆ ಮಾಡಿದೆ.

“ಅವ್ವಾ, ಯಾರು ಮುಟ್ಟತಾರ್ರಿ ಅದನ್ನ!” ಎಂದು ಅವಳು ಅಡಿಗೆಮನೆಗೆ ಹೋದಳು.

ಪಳಗಿಸುವುದು ಸುಲಭದ ಕೆಲಸವಲ್ಲ. ಮೇಲಿನಿಂದ ಕೈ ಹಾಕಿದರೆ ಅದು ಹದ್ದು ಬಂತೆಂದು ತಿಳಿಯುತ್ತದೆ. ಬಾಲ ಹಿಡಿದೆತ್ತಿದರೆ ಬಾಲದ ಚರ್ಮ ಕಿತ್ತು ಕೈಗೇ ಬರುತ್ತದೆ. ಅಂಗೈಯಲ್ಲಿ ಒಂದು ಸೂರ್ಯಕಾಂತಿ ಬೀಜ ಇಟ್ಟು, ಕೈಯನ್ನು ಪೆಟ್ಟಿಗೆಯ ತಳಕ್ಕೆ ಚಾಚಿ, ಕಲ್ಲಾಗಿ ಕೂರಬೇಕು. ನಾನು ಕೂತೆ. ದಿನಾ ಬೆಳಿಗ್ಗೆ ಅರ್ಧ ತಾಸು, ಬಲಗೈ ಇಲಿಗೆ, ಎಡಗೈ ಪೇಪರಿಗೆ. ಹತ್ತು ದಿನಕ್ಕೆ ಅದು ಬೆರಳು ಮೂಸಿತು. ಇಪ್ಪತ್ತು ದಿನಕ್ಕೆ ಬೀಜ ಕಸಿದುಕೊಂಡು ಓಡಿತು. ಒಂದು ಸಲ ಅಂಗೈ ಮೇಲೆ ಎರಡು ಉಸಿರಿನಷ್ಟು ಹೊತ್ತು ನಿಂತಿತು. ಇದನ್ನು ನಾಯಿ ಸಾಕಿದ ಗೆಳೆಯರಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಅವರು, “ಖರೇನಾ?” ಎಂದರು, ಅಷ್ಟೇ.

ನಲವತ್ತನೆಯ ದಿನದ ಸುಮಾರಿಗೆ ಅದು ಇದ್ದಕ್ಕಿದ್ದಂತೆ ಹಿಂಗಾಲು ನೆಲಕ್ಕೆ ಬಡಿಯತೊಡಗಿತು. ಟಕ ಟಕ ಟಕ. ನನ್ನನ್ನೇ ಮಾತಾಡಿಸುತ್ತಿದೆ ಎಂದುಕೊಂಡೆ. ಅಂಗಡಿಯವನಿಗೆ ಫೋನು ಹಚ್ಚಿದೆ.

“ಹೆದರಿದ್ರ ಹಂಗ ಮಾಡತಾವ್ರಿ ಸರ. ಖುಷಿ ಆದ್ರೂ ಹಂಗ ಮಾಡತಾವು.”

“ಇದಕ್ಕ ಏನಾಗೇತಿ?”

“ಅದನ್ನ ಕೇಳಬೇಕ್ರಿ.”

ಕೇಳುವ ಪ್ರಸಂಗ ಬರಲಿಲ್ಲ. ಒಳಗೆ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಂತಿತು, ಇಲಿಯ ಕಾಲೂ ನಿಂತಿತು. ಅವಳು ಮುಂದಿನ ಹಿಟ್ಟಿನ ಉಂಡೆಗೆ ಕೈ ಹಚ್ಚಿ ಪಟ ಪಟ ಎಂದಳು. ಇದು ಟಕ ಟಕ ಎಂದಿತು. ನನ್ನ ಅಂಗೈಯ ಬೀಜ ಹಾಗೆಯೇ ಇತ್ತು.

“ಏ, ನೀ ರೊಟ್ಟಿ ಬಡದಾಗ ಇದು ಕಾಲ ಬಡೀತೈತಿ,” ಎಂದೆ.

“ಈಗ ಗೊತ್ತಾತೇನ್ರಿ? ಹದಿನೈದ ದಿನ ಆತು, ನಾವಿಬ್ಬರೂ ಮಾತಾಡಾಕತ್ತು.”

ನಾವಿಬ್ಬರೂ! ನಲವತ್ತು ದಿನ ಕೈ ಜೋಮು ಹಿಡಿಸಿಕೊಂಡವನು ನಾನು.

ಮುಂದಿನ ವಾರ ಕರೆಂಟ್ ಬಿಲ್ಲಿನ ತಕರಾರಿಗೆಂದು ಹೊರಗೆ ಹೋದವನು, ಕೆಲಸ ಬೇಗ ಮುಗಿದು ಮನೆಗೆ ಬಂದೆ. ಅಡಿಗೆಮನೆಯಲ್ಲಿ ಇಲಿ ಅವಳ ಹೆಗಲ ಮೇಲೆ ಕೂತು ರೊಟ್ಟಿಯ ಅಂಚು ತಿನ್ನುತ್ತಿತ್ತು. ಆ ಅಂಚು ಹಂಚಿನಿಂದ ಇಳಿದ ಮೊದಲ ರೊಟ್ಟಿಯದು. ಮದುವೆಯಾದ ಲಾಗಾಯ್ತು ಮೊದಲ ರೊಟ್ಟಿ ನನ್ನ ತಾಟಿಗೆ ಬೀಳುತ್ತಿತ್ತು.

“ಮುಚ್ಚಳ ತಗದ್ನಿ, ತಾನ ಬಂತ್ರಿ,” ಎಂದಳು. ಆಮೇಲೆ ಹೆಗಲ ಕಡೆ ತಿರುಗಿ, “ಸಾವಕಾಶ ತಿನ್ನೋ ನನ ಕೂಸ,” ಎಂದಳು.

ನನ್ನನ್ನು ಅವಳು ಇಷ್ಟು ವರ್ಷ ಕರೆದದ್ದು “ರೀ” ಎಂದು. ಅದರ ಮುಂದೆ ಏನನ್ನೂ ಸೇರಿಸಿದ್ದಿಲ್ಲ. ಆ ಗಳಿಗೆಯಲ್ಲಿ ನನ್ನ ಹೊಟ್ಟೆಯುರಿ ಇಲಿಯ ಮೇಲೋ ಅವಳ ಮೇಲೋ ಎಂದು ಯಾರಾದರೂ ಕೇಳಿದ್ದರೆ ವಿವರ ಸಲ್ಲಿಸಲು ಕಾಲಾವಕಾಶ ಬೇಡುತ್ತಿದ್ದೆ.

“ರೊಟ್ಟಿ ಹಾಕಬ್ಯಾಡ. ಉಪ್ಪು ಅದಕ್ಕ ಆಗಂಗಿಲ್ಲ,” ಎಂದೆ ಗಂಭೀರವಾಗಿ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಜೋಳದ ರೊಟ್ಟಿಗೆ ಯಾರ್ರೀ ಉಪ್ಪ ಹಾಕತಾರ? ಇಷ್ಟ ವರ್ಷ ಏನ ತಿಂದೀರಿ ನೀವು?”

ಸೋಲೊಪ್ಪದೆ ಮೇಜಿನ ಮೇಲೆ ಬೆರಳು ಬಡಿದು ನೋಡಿದೆ. ಇಲಿ ಪೆಟ್ಟಿಗೆಯಲ್ಲಿ ಹಾಸಿದ್ದ ಹೊಟ್ಟಿನೊಳಗೆ ಹೂತುಕೊಂಡಿತು. ರೊಟ್ಟಿ ಬಡಿಯುವ ಮಣೆ ಬಡಿದೆ, ಹಿಟ್ಟು ನಾದುವ ಪರಾತ ಬಡಿದೆ. ಬಾಲದ ಕುಚ್ಚು ಕೂಡ ಕಾಣಿಸಲಿಲ್ಲ. ಹಿಟ್ಟಿಲ್ಲದೆ ಆ ನಾದ ಹುಟ್ಟುವುದಿಲ್ಲವೆಂಬುದು ಖಾತ್ರಿಯಾಯಿತು. ನಾನು ಲುಂಗಿ ಎತ್ತಿಕಟ್ಟಿ ಅಡಿಗೆಮನೆಗೆ ಹೋದೆ.

“ಕಲಿಸು.”

“ಏನು?”

“ರೊಟ್ಟಿ.”

ಅವಳು ನಗಲಿಲ್ಲ. ನಕ್ಕಿದ್ದರೆ ವಾಪಸು ಬರುತ್ತಿದ್ದೆ. ಬಿಸಿನೀರು ಸುರಿದು ನಾದುವುದನ್ನು ತೋರಿಸಿದಳು. ನನ್ನ ಹಿಟ್ಟಿಗೆ ಜಿಗಿ ಬರಲಿಲ್ಲ. ಅಂಚು ಸೀಳಿ ಹೋಯಿತು. ಎರಡನೆಯದು ಅಂಗೈಗೆ ಹತ್ತಿಕೊಂಡಿತು.

“ತಬಲಾ ಅಲ್ರಿ ಅದು. ಬಡಕೋತ ತಿರುವಬೇಕು. ತಾನ ತಿರುಗಬೇಕು ಅದು, ನೀವು ಮಣಿ ಸುತ್ತ ತಿರುಗೂದಲ್ಲ.”

ಒಂದೂವರೆ ತಿಂಗಳು ಹಿಡಿಯಿತು. ಮೊದಲು ಬಂದದ್ದು ಆಕಾರ, ಆಮೇಲೆ ತೆಳುವು, ಎಲ್ಲಕ್ಕಿಂತ ಕಡೆಗೆ ಸಪ್ಪಳ. ಅದು ಬಂದ ದಿನ ನನಗೇ ಗೊತ್ತಾಯಿತು. ಕೈಯಡಿ ರೊಟ್ಟಿ ತಾನಾಗಿ ತಿರುಗುತ್ತಿತ್ತು. ಪಡಸಾಲೆಯಿಂದ ಟಕ ಟಕ ಎಂದು ಉತ್ತರ ಬಂತು.

“ಮುಚ್ಚಳ ತಗಿ! ಲಗೂ!” ಎಂದು ಕೂಗಿದೆ.

ಪಡಸಾಲೆಯಲ್ಲಿ, ನನ್ನ ಖುರ್ಚಿಯಲ್ಲಿ, ನನ್ನ ಪೇಪರು ಓದುತ್ತ ಕೂತಿದ್ದ ಅವಳು ಎದ್ದು ಮುಚ್ಚಳ ತೆಗೆದಳು. ಇಲಿ ಹೊರಗೆ ಹಾರಿತು. ಅಡಿಗೆಮನೆಯ ಹೊಸ್ತಿಲ ತನಕ ಓಡಿಬಂದು, ಹಿಂಗಾಲ ಮೇಲೆ ಎದ್ದು, ಹಿಟ್ಟು ಮೆತ್ತಿದ ನನ್ನ ಕೈಗಳನ್ನು ನೋಡಿತು. ನಾನು ರೊಟ್ಟಿಯ ಚೂರು ಅಂಗೈಯಲ್ಲಿಟ್ಟು ನೆಲಕ್ಕೆ ಚಾಚಿದೆ. ಅದು ಬಂತು, ಮೂಸಿತು, ಚೂರನ್ನು ಬಾಯಲ್ಲಿ ಕಚ್ಚಿಕೊಂಡಿತು. ಬಂದ ದಾರಿಯಲ್ಲೇ ಹಿಂದಿರುಗಿ, ಅವಳ ಸೀರೆಯ ನಿರಿಗೆ ಹಿಡಿದು ಏರಿ, ಹೆಗಲ ಮೇಲೆ ಕೂತು ತಿಂದಿತು.

“ನಿಮ್ಮ ರೊಟ್ಟಿ ಸೇರತೈತ್ರಿ ಇದಕ್ಕ,” ಎಂದಳು ಹೆಂಡತಿ.

ಈಗ ನಮ್ಮ ಮನೆಯಲ್ಲಿ ದಿನಾ ಎಂಟು ರೊಟ್ಟಿಗಳನ್ನು ನಾನು ಬಡಿಯುತ್ತೇನೆ.