ರಂಗೋಲಿ ಪುಡಿಯಲ್ಲಿ ಎದ್ದ ಅಡುಗೆಮನೆ

ಮದುವೆಯಾಗಿ ನಾನು ಬಂದದ್ದು ಚಾಮರಾಜಪೇಟೆಯ ವಠಾರಕ್ಕೆ. ಅಲ್ಲಿ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ನಮ್ಮತ್ತೆ ಹಗಲಲ್ಲೂ ದೀಪ ಹಚ್ಚಿಕೊಂಡು, ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತ ಅಡುಗೆ ಮಾಡುತ್ತಿದ್ದರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ನಮ್ಮೆಜಮಾನರಿಗೆ ಆಫೀಸಿನಲ್ಲಿ ಯಾರೋ ಹೇಳಿದರು. ಒಂದು ಭಾನುವಾರ ಬೆಳಿಗ್ಗೆ ಮೂವರೂ ನೋಡಲು ಹೊರಟೆವು.

ಬಸ್ಸಿಳಿದರೆ ಅಗಲವಾದ ಬೀದಿಗಳಿದ್ದವು, ಮನೆಗಳಿರಲಿಲ್ಲ. ಖಾಲಿ ಸೈಟುಗಳ ನಡುವೆ ಅಲ್ಲೊಂದು ಇಲ್ಲೊಂದು ಗೋಡೆ, ಅದರಾಚೆ ರಾಗಿ ಹೊಲ. ಇಬ್ಬನಿ ಇನ್ನೂ ಪೂರ್ತಿ ಕರಗಿರಲಿಲ್ಲ. ಊರನ್ನು ಯಾರೋ ಕನಸಿನಲ್ಲಿ ಕಂಡು, ಅರ್ಧಕ್ಕೇ ಎಚ್ಚರವಾದಂತಿತ್ತು.

ಮನೆಯಲ್ಲಿ ಒಬ್ಬರೇ ಇದ್ದ ಸ್ಕೂಲ್ ಮೇಡಂಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು, ಅದಕ್ಕೇ ಮಾರುತ್ತಿದ್ದರು. ನಮ್ಮೆಜಮಾನರು ಗೋಡೆ ತಟ್ಟಿದರು, ನಲ್ಲಿ ತಿರುಗಿಸಿದರು, ಬಾಗಿಲುಗಳನ್ನು ತೆಗೆದು ಮುಚ್ಚಿ ನೋಡಿದರು.

"ಗಟ್ಟಿಯಾಗಿದೆ," ಎಂದರು.

"ಗಟ್ಟಿ ಏನೋ ಹೌದು," ಎಂದರು ಮೇಡಂ. "ಆದ್ರೆ ಈ ರೂಮಿನ ಗೋಡೆ ಮಳೆಗಾಲದಲ್ಲಿ ತೇವ ಆಗುತ್ತೆ. ಈಗ ಒಣಗಿದೆ, ಕಾಣಲ್ಲ. ಮುಂದೆ ಮಗು ಆದ್ರೆ ತೊಟ್ಟಿಲು ಇಲ್ಲಿ ಕಟ್ಟಬೇಡಿ."

ನಾನಾಗ ಬಸುರಿ. ಅದನ್ನು ಯಾರಿಗೂ ಹೇಳಿರಲಿಲ್ಲ; ನನಗೇ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮಾರುವವರೇ ಮನೆಯ ಕುಂದು ತೋರಿಸಿದ್ದು ಕೇಳಿ ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತು.

ಎಜಮಾನರು ತಾರಸಿ ಹತ್ತಿದರು. ಅತ್ತೆ ಅಡುಗೆಮನೆಗೆ ಇಣುಕಿ, ಇಲ್ಲೂ ಕತ್ತಲೆಯೇ ಎಂದು ಕಂಡು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತಿದ್ದು, "ಮೇಡಂ, ಒಂದಿಷ್ಟು ರಂಗೋಲಿ ಪುಡಿ ಇದ್ಯಾ?" ಎಂದು ಕೇಳಿದರು. ಮಣ್ಣಿನ ಮೇಲೆ ಉದ್ದುದ್ದ ಗೆರೆ ಎಳೆದರು.

"ಇದು ಬಾಗಿಲು. ಇಲ್ಲಿ ಒಲೆ. ಕಿಟಕಿ ಪೂರ್ವಕ್ಕೆ, ನನ್ನ ಎದೆಮಟ್ಟಕ್ಕೆ."

ಇಲ್ಲದ ಹೊಸ್ತಿಲನ್ನು ಸೀರೆ ನೆರಿಗೆ ಎತ್ತಿ ದಾಟಿದರು. ನಾನೂ ದಾಟಿದೆ. ಕಾಫಿ ತಂದ ಮೇಡಂ ಗೆರೆಯಾಚೆ ಒಂದು ಕ್ಷಣ ನಿಂತು, ಬಾಗಿಲಿನಿಂದಲೇ ಒಳಗೆ ಬಂದು ಕೂತರು. ಅಷ್ಟರಲ್ಲಿ ಎಜಮಾನರು ತಾರಸಿಯಿಂದ ಇಳಿದು ನೆಟ್ಟಗೆ ನಮ್ಮತ್ತ ನಡೆದರು.

"ಗೋಡೆ ಹಾಯ್ದು ಬಂದ್ಯಲ್ಲೋ!" ಅತ್ತೆ ಗದರಿದರು.

ಅವರು ಕಕ್ಕಾಬಿಕ್ಕಿಯಾಗಿ ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ಬಾಗಿಲಿನಿಂದ ಬಂದರು. ಮೇಲೆ ಆಕಾಶ, ಕೆಳಗೆ ಮಣ್ಣು. ನಾಲ್ವರೂ ಆ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದೆವು. ಒಲೆಯ ಬಿಸಿ ತಾಗಿತೇನೋ ಎನ್ನಿಸಿ ನಾನು ಕೊಂಚ ಸರಿದು ಕೂತದ್ದು ಈಗಲೂ ನೆನಪಿದೆ.

ಯಾವ ಧೈರ್ಯ ಬಂತೋ, "ತೊಟ್ಟಿಲಿಗೆ ಎಲ್ಲಿ ಜಾಗ, ಅತ್ತೆ?" ಎಂದುಬಿಟ್ಟೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಎಜಮಾನರ ಕೈಯ ಲೋಟ ವಾಲಿತು. ಅತ್ತೆ ಎದ್ದು, ಉಳಿದಿದ್ದ ಪುಡಿಯಲ್ಲಿ ಅಡುಗೆಮನೆಗೆ ಅಂಟಿಕೊಂಡಂತೆ ಇನ್ನೊಂದು ಪುಟ್ಟ ಕೋಣೆ ಬರೆದರು. ಈ ಸಲ ಗೆರೆ ಸೊಟ್ಟಗಾಯಿತು.

ಮನೆ ಕೊಂಡು, ಗೆರೆ ಎಳೆದಲ್ಲೇ ಅಡುಗೆಮನೆ ಕಟ್ಟಿಸಿದೆವು. ಗಾರೆಯವರು ಅಷ್ಟಿಷ್ಟು ಬದಲಾಯಿಸಿದರು, ಪೂರ್ವದ ಕಿಟಕಿ ಮಾತ್ರ ಅತ್ತೆ ಹೇಳಿದ ಕಡೆಯೇ ಬಂತು. ಹೊಲ ನೋಡುತ್ತ ನಿಂತು ಅವರು ಎಷ್ಟೋ ಸಲ ಸಾರು ಉಕ್ಕಿಸಿದ್ದಾರೆ.

ನನಗೆ ಮಗಳು ಹುಟ್ಟಿದ ಮೇಲಿನ ಬೇಸಿಗೆ ರಜದಲ್ಲಿ ಮೇಡಂ ಬಂದರು. ಅತ್ತೆ ಮಗುವನ್ನು ಅವರ ತೊಡೆಗೆ ಹಾಕಿ, "ಊಟ ಮಾಡ್ಕೊಂಡೇ ಹೋಗಬೇಕು," ಎಂದರು. ಮಗು ಅಲ್ಲೇ ನಿದ್ದೆ ಹೋಯಿತು. ಅದು ಏಳುವವರೆಗೆ ಮೇಡಂ ಅಲುಗಾಡಲಿಲ್ಲ, ಊಟಕ್ಕೆ ಏಳುವಾಗ ಸಂಜೆಯಾಯಿತು.