ವೇದಾಳಿಗೆ ಬೇಡವಾದ ಅಣ್ಣ

ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ರಮಾಕಾಂತನನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ನಾನು ಹೇಳಹೊರಟಿರುವುದು ಅವನ ಮಗಳು ಕವನಾಳನ್ನು ನೋಡಿಕೊಳ್ಳಲು ಬಂದ ವೇದಾಳ ಕಥೆ.

ವೇದಾ ದಾವಣಗೆರೆಯ ಹುಡುಗಿ. ಬ್ರಿಸ್ಬೇನಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಕೋರ್ಸು ಓದುತ್ತ, ಟೂವಾಂಗ್‌ನ ಒಂದು ಇಕ್ಕಟ್ಟಾದ ಫ್ಲ್ಯಾಟಿನಲ್ಲಿ ಗೆಳತಿಯರ ಜೊತೆ ಇದ್ದಳು. ಕವನಾಳನ್ನು ಶಾಲೆಯಿಂದ ಕರೆತಂದು, ತಿಂಡಿ ಕೊಟ್ಟು, ಕನ್ನಡ ಅಕ್ಷರ ತಿದ್ದಿಸುವುದು ಅವಳ ಕೆಲಸ. ಓದು ಮುಗಿದ ಮೇಲೆ ರಮಾಕಾಂತನ ಮನೆಯ ಹಿಂದಿನ ಕೋಣೆಗೇ ಬಂದು ಉಳಿದಳು. ಅವಳು ನಗಲು ಶುರುಮಾಡಿದರೆ ಬೇಲಿ ದಾಟಿ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆ ಮನೆಯಲ್ಲಿ ಅದಕ್ಕೆ ಮೊದಲು ಟಿವಿ ಬಿಟ್ಟು ಬೇರೆ ಯಾರೂ ನಕ್ಕಿದ್ದು ನನಗೆ ಗೊತ್ತಿಲ್ಲ.

ರಮಾಕಾಂತ ಮೈಸೂರಿನವನು, ಎಂಜಿನಿಯರು. ಪರ್ತ್‌ನಲ್ಲಿದ್ದಾಗ ಅವನಿಗೆ ಡಿವೋರ್ಸ್ ಆಯಿತು. ಅಲ್ಲಿನ ನಮ್ಮ ಜನ ಒಂದು ಬರ್ತ್‌ಡೇ, ಒಂದು ಸತ್ಯನಾರಾಯಣ ಪೂಜೆಯನ್ನೂ ಬಿಡದೆ ಆ ಸುದ್ದಿಯನ್ನು ಎಲೆಅಡಿಕೆಯಂತೆ ಜಗಿದರು. ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದ ಮೇಲೆ ಅವನ ಬಾಯಿಗೆ ಬೀಗ ಬಿತ್ತು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಅವನಷ್ಟು ಬಿಗಿಯಾಗಿ ಹಿಡಿದವರನ್ನು ನಾನು ಕಂಡಿಲ್ಲ.

ಬಾಯಿಗೇನೋ ಬೀಗ ಹಾಕಬಹುದು, ಕಣ್ಣಿಗೆ ಹಾಕಲಾದೀತೇ? ಉಪ್ಪಿಟ್ಟು ಕಂಡರೆ ಮುಖ ಸಿಂಡರಿಸುತ್ತಿದ್ದವನು ವೇದಾ ಮಾಡಿದ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದ. ಅವಳಿಗೆ ಜ್ವರ ಬಂದಾಗ ಆಫೀಸಿಗೆ ರಜೆ ಹಾಕಿ ಗಂಜಿ ಕಾಯಿಸಿದ, ಅದನ್ನು ಕವನಾಳ ಕೈಯಲ್ಲಿ ಕಳಿಸಿದ. ಅವಳಿಗೆ ಅವನು ‘ಸರ್’, ಅವನಿಗೆ ಅವಳು ‘ನೀವು’. ನೋಡಿ ನೋಡಿ ನನಗೇ ಸಾಕಾಗಿತ್ತು.

ಅಷ್ಟರಲ್ಲಿ ವೇದಾಳಿಗೆ ಅಡಿಲೇಡ್‌ನ ಒಂದು ಶಿಶುವಿಹಾರದಲ್ಲಿ ಕಾಯಂ ಕೆಲಸ ಸಿಕ್ಕಿತು. ನಮ್ಮ ಮನೆಗೆ ಬಂದು ಕಾಫಿ ಲೋಟ ಹಿಡಿದು ಕೂತವಳು ಮುಚ್ಚುಮರೆ ಇಲ್ಲದೆ ಹೇಳಿದಳು.

“ಮಾಲವಿಕಾ ಆಂಟಿ, ‘ಇರು’ ಅಂತ ಅವ್ರು ಒಂದ್ ಮಾತು ಅಂದ್ರೆ ಸಾಕು, ಇದ್ಬಿಡ್ತೀನಿ. ಕೆಲ್ಸ ಇಲ್ಲೂ ಸಿಗತ್ತೆ. ಆದ್ರೆ ಅವ್ರು ಅನ್ಬೇಕಲ್ಲ!”

“ನೀನೇ ಕೇಳ್ಬಿಡೇ.”

“ಅವ್ರ ಮನೇಲಿ ಕೆಲಸಕ್ಕಿರೋಳು ನಾನು. ನಾನೇ ಕೇಳಿದ್ರೆ ಅವ್ರು ಹೂಂ ಅಂದಿದ್ದು ಮನಸ್ಸಿಂದಾನೋ ಸಂಕೋಚಕ್ಕೋ ಹೇಗ್ ಗೊತ್ತಾಗತ್ತೆ?”

ಗೌರಿ ಹಬ್ಬ ಬಂತು. ಪರ್ತ್‌ನ ಸದರ್ನ್ ರಿವರ್‌ನಿಂದ ರಮಾಕಾಂತನ ಅಕ್ಕ ಜಯಲಕ್ಷ್ಮಿ ಬಂದಿದ್ದಳು. ಅರಿಶಿನ ಕುಂಕುಮಕ್ಕೆ ಆಸುಪಾಸಿನ ನಾವೆಲ್ಲ ಸೇರಿದ್ದೆವು. ಗೌರಿಗೆ ತವರಿನವರು ಹೆಣ್ಣುಮಕ್ಕಳಿಗೆ ಸೀರೆ ಕೊಡುವುದು ನಮ್ಮಲ್ಲಿ ನಡೆದುಬಂದಿದ್ದು. ರಮಾಕಾಂತ ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ, ಬಳೆ ಇಟ್ಟು ಅಕ್ಕನಿಗೆ ಕೊಟ್ಟ. ಒಳಗೆ ಹೋಗಿ ಅಂಥದ್ದೇ ಇನ್ನೊಂದು ತಟ್ಟೆ ತಂದು ಎಲ್ಲರೆದುರು ವೇದಾಳ ಮುಂದೆ ಹಿಡಿದ.

“ಅಯ್ಯೋ, ನಂಗೊಬ್ಬ ತಂಗಿ ಸಿಕ್ಕಿದ್ಲಲ್ಲ!” ಎಂದು ಜಯಲಕ್ಷ್ಮಿ ಅವಳ ಗಲ್ಲ ಹಿಡಿದಳು.

ವೇದಾಳ ಮುಖ ಕೆಂಪಾಯಿತು. ಕೈ ಚಾಚಲಿಲ್ಲ.

“ಸರ್, ಊರಲ್ಲಿ ನಂಗೊಬ್ಬ ಅಣ್ಣ ಇದ್ದಾನೆ. ಇನ್ನೊಬ್ಬ ಬೇಡ,” ಎಂದಳು.

ಇದಕ್ಕಿಂತ ಬಿಡಿಸಿ ಒಂದು ಹೆಣ್ಣು ಇನ್ನೇನು ಹೇಳಬೇಕು? ಜಯಲಕ್ಷ್ಮಿಗೂ ಅರ್ಥವಾಗಿ ಕೈ ಹಿಂದೆ ತೆಗೆದುಕೊಂಡಳು. ಎಲ್ಲರೂ ರಮಾಕಾಂತನನ್ನೇ ನೋಡಿದೆವು. ಅವನು ತಟ್ಟೆಯನ್ನು ಟೇಬಲ್ ಮೇಲಿಟ್ಟು, “ಎಲ್ಲಾ ಕಾಫಿ ತಗೊಳ್ಳಿ,” ಎಂದ. ಕಾಫಿಯಂತೆ ಕಾಫಿ! ಆ ಡಿಕಾಕ್ಷನ್ನನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು ನನಗೆ. ವೇದಾ ಅವತ್ತೇ ಅಡಿಲೇಡ್‌ನವರಿಗೆ ಬರುತ್ತೇನೆಂದು ಹೇಳಿಬಿಟ್ಟಳು.

ಮರುದಿನ ಅವನನ್ನು ಹಿತ್ತಿಲಲ್ಲಿ ಹಿಡಿದು ನಿಲ್ಲಿಸಿದೆ.

“ಗೌರಿಗೆ ಸೀರೆ ಕೊಟ್ರೆ ಏನರ್ಥ ಅಂತ ನಿಂಗೊತ್ತಿರ್ಲಿಲ್ವೇನೋ?”

“ಗೊತ್ತಿದ್ದೇ ಕೊಟ್ಟೆ ಆಂಟಿ. ಹೆಂಡ್ತಿ ಇಲ್ದಿರೋ ಮನೇಲಿ ವಯಸ್ಸಿನ ಹುಡುಗಿ. ತಂಗಿ ಅಂದ್ಬಿಟ್ರೆ ಯಾರೂ ಮಾತಾಡಲ್ಲ. ಅವ್ಳು ಇಲ್ಲೇ ಇರಬಹುದು ಅಂದ್ಕೊಂಡೆ.”

“ಅವ್ಳಿಗೆ ಏನ್ ಬೇಕು ಅಂತ ಕೇಳಿದ್ಯಾ?”

ಅವಳನ್ನು ಉಳಿಸಿಕೊಳ್ಳಲು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಉತ್ತರ ಹೊಂದಿಸಿಟ್ಟಿದ್ದ ಮಹಾರಾಯ.

ಹೊರಡುವ ದಿನ ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ಕವನಾ ಕೋಣೆಯ ಬಾಗಿಲು ಹಾಕಿಕೊಂಡವಳು ತೆಗೆಯಲೇ ಇಲ್ಲ. ರಮಾಕಾಂತ ಆಫೀಸಿಗೆ ಹೋಗಿದ್ದ. ವೇದಾ ಸೂಟ್‌ಕೇಸ್ ಕೊಟ್ಟು ಬರುವಷ್ಟರಲ್ಲಿ ನನ್ನ ಮೊಬೈಲಿಗೆ ಅವನ ಫೋನು ಬಂತು. ನನ್ನ ಹತ್ತಿರ ಏನು ಮಾತು ಎಂದು ಅವಳ ಕೈಗೇ ಕೊಟ್ಟೆ. ಸ್ಪೀಕರ್ ಆನ್ ಆಗಿತ್ತು.

“ಹುಷಾರಾಗಿ ಹೋಗಿ,” ಎಂದ.

“ಅಷ್ಟೇನಾ ಸರ್?”

“ಅಷ್ಟೇ,” ಎಂದ.

ವೇದಾ ಫೋನನ್ನು ನನಗೆ ಕೊಟ್ಟಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಪಾಪ, ಅವ್ರಿಗೆ ಹೇಳೋಕೆ ಬರಲ್ಲ ಅಂದ್ಕೊಂಡು ಇಷ್ಟ್ ದಿನ ಕಾದೆ ಆಂಟಿ. ಬರತ್ತೆ, ಎಲ್ರೆದುರು ತಟ್ಟೆ ಹಿಡಿದ್ರಲ್ಲ. ನಂಗೋಸ್ಕರ ಹೇಳಲ್ಲ, ಅಷ್ಟೇ.”

ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಹೋದಳು. ಫೋನ್ ಇನ್ನೂ ಆನ್ ಇತ್ತು, ಅವನು ಉಸಿರಾಡುವುದು ಕೇಳುತ್ತಿತ್ತು. ಅವಳು ಅಂದಿದ್ದನ್ನು ಪೂರ್ತಿ ಕೇಳಿಸಿಕೊಂಡಿದ್ದ. ಅವಳು ಕಣ್ಮರೆಯಾಗುವವರೆಗೂ ನಾನು ಫೋನ್ ಹಿಡಿದುಕೊಂಡೇ ನಿಂತೆ, ಈಗಲಾದರೂ ‘ಅವಳನ್ನ ಕರೀರಿ’ ಅನ್ನಲಿ ಎಂದು. ಅವನು ಅನ್ನಲಿಲ್ಲ.